ಅಳತೆ ಪುಸ್ತಕದಲ್ಲಿ ಕಾದಂಬರಿಯ ಹೆಸರು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಟೇಲರ್ ಅಂಗಡಿ. ಬ್ಲೌಸ್, ಫಾಲ್, ಪಿಕೋ. ಲೈನಿಂಗ್ ಬಟ್ಟೆ ಇಡುವ ಕಪಾಟಿನ ಕೆಳಗಿನ ಹಲಗೆಯಲ್ಲಿ ಒಂದು ನಲವತ್ತು ಕಾದಂಬರಿ ಇವೆ. ಕಾಯುವವರು ಸುಮ್ನೆ ಕೂರೋದು ಬೇಡ ಅಂತ ಇಟ್ಟದ್ದು. ಈಗ ಪುಸ್ತಕಕ್ಕೆ ಅಂತಲೇ ಬರುವವರೂ ಇದ್ದಾರೆ. ಯಾರಿಗೆ ಏನು ಕೊಟ್ಟೆ ಅನ್ನೋದು ಅಳತೆ ಪುಸ್ತಕದಲ್ಲೇ ಇರುತ್ತದೆ: ಎದೆ 36, ತೋಳು 10, ಫಣಿಯಮ್ಮ.

ಜಾಸ್ತಿ ಜನ ಕೇಳೋದು ಒಂದೇ. "ಅಕ್ಕಾ, ಅಳಸೋ ಪುಸ್ತಕ ಬ್ಯಾಡ್ರಿ. ಗಟ್ಟಿ ಹೆಣ್ಮಗಳು ಇರ್ಬೇಕು, ಒಂದು ಕೊಲೆ-ಗಿಲೆ ಇದ್ರ ಛಲೋ." ನಾನು ಓದಿದ ಹಳೆಯ ಕನ್ನಡ ಪತ್ತೇದಾರಿಗಳಲ್ಲಿ ಪತ್ತೇದಾರ ಗಂಡಸೇ. ಅದಕ್ಕೆ ಇಂಗ್ಲಿಷ್ ಓದುವ ಕಾಲೇಜು ಹುಡುಗಿಯರಿಗೆ ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಕೊಡುತ್ತೇನೆ. ಒಟ್ಟು 12 ಕಾದಂಬರಿ, ಮೊದಲನೆಯದು 1930ರದ್ದು. ಅದರಲ್ಲಿ ಪತ್ತೇದಾರಿ ಮಾಡುವವಳೇ ಈ ಮಾರ್ಪಲ್: ಮದುವೆಯಾಗದ ಅಜ್ಜಿ, ಕೈಯಲ್ಲಿ ಉಲ್ಲನ್ ಹೆಣಿಗೆ. ಕೊಲೆಯಾದರೆ ಆಕೆ ತನ್ನ ಹಳ್ಳಿಯವರನ್ನು ನೆನೆಸಿಕೊಳ್ಳುತ್ತಾಳೆ: ಇವನ ನಡತೆ ನಮ್ಮೂರಿನ ಅವನ ಹಾಗೇ ಇದೆಯಲ್ಲ! ಗಿರಾಕಿ ಬಾಗಿಲಲ್ಲಿ ಚಪ್ಪಲಿ ಬಿಡುವ ರೀತಿ ನೋಡಿಯೇ ಜಗಳಕ್ಕೆ ಬಂದರೋ, ದುಡ್ಡು ಕೊಡೋಕೆ ಬಂದರೋ ಅಂತ ಹೇಳುವ ನನಗೆ ಇದು ಬೇಗ ಹಿಡಿಸಿತು.

ಒಮ್ಮೆ ನಾನು ದೊಡ್ಡ ತಪ್ಪು ಮಾಡಿದೆ. ಒಬ್ಬಾಕೆಗೆ ತ್ರಿವೇಣಿಯವರ 'ಶರಪಂಜರ' ಕೊಟ್ಟೆ. ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿ ವಾಸಿಯಾಗಿ ಮನೆಗೆ ಬಂದರೂ ಯಾರೂ ಅವಳನ್ನು ಮೊದಲಿನ ಹಾಗೆ ಕಾಣೋದಿಲ್ಲ. ಎರಡೇ ದಿನಕ್ಕೆ ಪುಸ್ತಕ ವಾಪಸ್ ಬಂತು. ಆಕೆಯ ತಂಗಿ ಬಾಣಂತಿ, ರಾತ್ರಿ ನಿದ್ದೆಯಿಲ್ಲದೆ ಒಬ್ಬಳೇ ಮಾತಾಡುತ್ತಿದ್ದಳಂತೆ. ಪುಸ್ತಕ ಒಳ್ಳೆಯದೇ, ಕೊಟ್ಟ ಹೊತ್ತು ಕೆಟ್ಟದ್ದು. ಅಂದಿನಿಂದ ಮೊದಲು "ಮನ್ಯಾಗ ಎಲ್ಲಾ ಹ್ಯಾಂಗ ಅದ್ರಿ?" ಅಂತ ಕೇಳಿ, ಆಮೇಲೆ ಹಲಗೆ ಕಡೆ ಬಗ್ಗುತ್ತೇನೆ. ಹಿಂದೆ ಯಾವ ಪುಸ್ತಕ ಅರ್ಧಕ್ಕೆ ಬಿಟ್ಟರು ಅಂತಲೂ ಕೇಳುತ್ತೇನೆ. ಮೆಚ್ಚಿದ್ದಕ್ಕಿಂತ ಬಿಟ್ಟದ್ದೇ ಜಾಸ್ತಿ ಹೇಳುತ್ತದೆ.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನನ್ನು ಬಾಲವಿಧವೆಯ ಕಥೆ ಅಂದರೆ ಯಾರೂ ಮುಟ್ಟಲ್ಲ. ತಾನು ತಲೆ ಬೋಳಿಸಿಕೊಂಡು ಬದುಕಿದವಳು, ಇನ್ನೊಬ್ಬ ಹುಡುಗಿ ಬೋಳಿಸಿಕೊಳ್ಳಲ್ಲ ಅಂದಾಗ ಅವಳ ಪರ ನಿಲ್ಲುತ್ತಾಳೆ ಅನ್ನುತ್ತೇನೆ. ಆಗ ಒಯ್ಯುತ್ತಾರೆ.

ನಮ್ಮ ಸಾವಳಗಿಯ ಗೀತಾ ನಾಗಭೂಷಣ ಅವರ 'ಬದುಕು' ಮಾತ್ರ ಎಲ್ಲರಿಗೂ ಕೊಡಲ್ಲ. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು, ಕನ್ನಡದ ಹೆಣ್ಣುಮಗಳೊಬ್ಬಳಿಗೆ ಅದೇ ಮೊದಲು. ಆದರೆ ದಪ್ಪ ಪುಸ್ತಕ, ತಾಳ್ಮೆ ಬೇಕು. ಒಬ್ಬ ಹುಡುಗಿ ಒಯ್ದು, ಓದಲು ಬಾರದ ಅಜ್ಜಿಗೆ ದಿನಾ ರಾತ್ರಿ ಓದಿ ಹೇಳುತ್ತಿದ್ದಾಳೆ. ಮೂರು ವಾರವಾಯಿತು, ಇನ್ನೂ ಅರ್ಧ ಮುಗಿದಿಲ್ಲ. ಸಾಲು ಸಾಲಿಗೂ ಅಜ್ಜಿ ತಡೆಯುತ್ತಾಳಂತೆ: "ಹಾಂಗ ಸಾಲಿ ಪುಸ್ತಕ ಓದಿದಂಗ ಓದಬ್ಯಾಡ. ಬೈಗುಳ ಅದು, ಬೈದಂಗ ಓದು."