ಎಲೆ ತುದಿಯ ಉಪ್ಪಿನಕಾಯಿ ಮತ್ತು ನನ್ನ ಕಾರು

ಹೋದ ತಿಂಗಳು ಮೈಸೂರಿನಿಂದ ನಂಜನಗೂಡಿಗೆ ನಾನೇ ಕಾರು ಓಡಿಸಿಕೊಂಡು ಹೋಗಿ ಬಂದೆ. ಪಕ್ಕದಲ್ಲಿ ಕೂತಿದ್ದವನು ನನ್ನ ಭಾವಮೈದ. "ಭಾವ, ಇನ್ನು ಆಸೆ ಬಿಡಿ, ಒಬ್ಬ ಡ್ರೈವರ್ ಇಟ್ಕೊಳ್ಳಿ" ಅಂತ ಎರಡು ವರ್ಷದ ಹಿಂದೆ ಹೇಳಿದ್ದವನೂ ಅವನೇ. ಕಡಕೊಳ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ನನಗೆ ಸ್ಟ್ರೋಕ್ ಹೊಡೆದದ್ದು 2022ರ ಮಾರ್ಚ್‌ನಲ್ಲಿ, ಎಡಭಾಗಕ್ಕೆ. ಬಿಪಿ ಮಾತ್ರೆ, ಫಿಸಿಯೋ ಎಲ್ಲ ನಿಮಗೂ ಗೊತ್ತಿರುವುದೇ, ಬಿಡಿ. ಐದಾರು ತಿಂಗಳಿಗೆ ಕೋಲು ಬಿಟ್ಟೆ. ಆದರೆ ಕ್ಲಚ್ ಒತ್ತಿದ ಎಡಗಾಲು ಮೇಲೆ ಬರುತ್ತಿರಲಿಲ್ಲ. ಯಾರೋ ಹೇಳಿದರು ಅಂತ ಕ್ಲಚ್ಚನ್ನು ಗೇರ್ ಹಿಡಿಗೆ ತರುವ ಕಿಟ್ ಹಾಕಿಸಿದೆ. ಸುಮಾರು ಇಪ್ಪತ್ತು ಸಾವಿರ ಹೋಯಿತು. ಗೇರ್ ಹಾಕುವುದು ಎಡಗೈ, ಸೋತಿರುವುದೂ ಅದೇ ಕೈ ಅಲ್ವಾ? ದುಡ್ಡು ಕೊಡುವವರೆಗೂ ನನಗೂ ಹೊಳೆಯಲಿಲ್ಲ, ಮೆಕ್ಯಾನಿಕ್ಕಿಗೂ ಹೊಳೆಯಲಿಲ್ಲ.

ಆಮೇಲೆ ಹಳೇ ಕಾರನ್ನು ಒಂದೂಮುಕ್ಕಾಲಕ್ಕೋ ಏನೋ ಕೊಟ್ಟು, ನಾಲ್ಕು ಲಕ್ಷ ಹತ್ತು ಸಾವಿರಕ್ಕೆ ಸೆಕೆಂಡ್‌ಹ್ಯಾಂಡ್ ಆಟೋಮ್ಯಾಟಿಕ್ ತಗೊಂಡೆ. ಬಲಗಾಲು ಒಂದೇ ಸಾಕು. ಎಡಗೈ ಸೋತವರು ಕೊಳ್ಳುವ ಮುಂಚೆ ಇಂಡಿಕೇಟರ್ ಕಡ್ಡಿ ಯಾವ ಕಡೆಗಿದೆ ನೋಡಿ. ಮಾರುತಿ, ಹ್ಯುಂಡೈಗಳಲ್ಲಿ ಬಲಗಡೆ ಇರುತ್ತೆ. ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ಎಡಗಡೆ. ನಾನು ಬಲಗಡೆಯದ್ದೇ ಹುಡುಕಿ ತಂದೆ, ಬುದ್ಧಿವಂತ ಅಂತ ಬೀಗಿದೆ.

ಮೊದಲ ಭಾನುವಾರವೇ ನಮ್ಮ ಗೇಟಿನ ಕಂಬಕ್ಕೆ ಎಡಬಾಗಿಲು ಉಜ್ಜಿತು. ಮುಂದಿನ ವಾರ ಎಡ ಕನ್ನಡಿ ಹೋಯಿತು. ಹೊಸದು ಹಾಕಿಸಿದೆ, ಅದೂ ಹೋಯಿತು. ಹೀಗೆ ಮೂರು ಕನ್ನಡಿ, ಒಂದೊಂದಕ್ಕೆ ಸಾವಿರದ ಆಸುಪಾಸು. ಬಾಗಿಲಿನ ಟಿಂಕರಿಂಗ್, ಪೇಂಟಿಂಗ್‌ಗೆ ಹದಿನಾಲ್ಕು ಸಾವಿರ. ಡಾಕ್ಟರು ಆಗಿನ್ನೂ ಹೂಂ ಅಂದಿರಲಿಲ್ಲ, ತಪ್ಪು ನನ್ನದೇ. ಹೆಂಡತಿ ಕೀ ಎತ್ತಿಟ್ಟಳು. ಕಣ್ಣಿನ ಪರೀಕ್ಷೆ ಮಾಡಿಸಿದೆ. ಬೆಳಕಿನ ಚುಕ್ಕಿ ಕಂಡಾಗ ಬಟನ್ ಒತ್ತುತ್ತೀವಲ್ಲ, ಅದರಲ್ಲೂ ಏನೂ ದೋಷವಿಲ್ಲ ಅಂತ ಬಂತು.

ಗುಟ್ಟು ಗೊತ್ತಾದದ್ದು ಒಂದು ಮುಂಜಿ ಊಟದಲ್ಲಿ. "ನನಗೆ ಉಪ್ಪಿನಕಾಯಿ ಹಾಕೇ ಇಲ್ಲ" ಅಂತ ಬಡಿಸುವವರ ಮೇಲೆ ರೇಗಿದೆ. ಹೆಂಡತಿ ಸುಮ್ನೆ ಎಲೆಯನ್ನು ಸ್ವಲ್ಪ ಬಲಕ್ಕೆ ಎಳೆದಳು. ಎಡತುದಿಯಲ್ಲಿ ಉಪ್ಪು ಇತ್ತು, ಉಪ್ಪಿನಕಾಯಿ ಇತ್ತು.

ಇದನ್ನು ಆಕ್ಯುಪೇಷನಲ್ ಥೆರಪಿಸ್ಟ್‌ಗೆ, ಅಂದರೆ ದಿನದ ಕೆಲಸಗಳನ್ನು ಮತ್ತೆ ರೂಢಿ ಮಾಡಿಸುವವರಿಗೆ, ಹೇಳಿದೆ. ಆ ಹುಡುಗಿ ಪೇಪರಿನ ಒಂದು ಪುಟ ಕೊಟ್ಟು, 'ಕ' ಕಂಡಲ್ಲೆಲ್ಲ ಹೊಡೆದುಹಾಕಿ ಅಂದರು. ಬಲಗಡೆ ಕಾಲಂಗಳಲ್ಲಿ ಒಂದೂ ಬಿಡಲಿಲ್ಲ. ಎಡಗಡೆ ಮೊದಲ ಕಾಲಂ ಮುಟ್ಟೇ ಇರಲಿಲ್ಲ. ಎಡಗಡೆ ಕಣ್ಣಿಗೆ ಬಿದ್ದದ್ದನ್ನು ತಲೆ ಲೆಕ್ಕಕ್ಕೇ ತಗೊಳ್ಳುತ್ತಿರಲಿಲ್ಲ. ನಾನು ಕೈಕಾಲಿಗೆ ದುಡ್ಡು ಸುರಿಯುತ್ತಿದ್ದೆ!

ಆಮೇಲೆ ನಾಲ್ಕು ತಿಂಗಳು ಸ್ಟೀರಿಂಗ್ ಮುಟ್ಟಲಿಲ್ಲ. ಬೆಳಿಗ್ಗೆ ಆರಕ್ಕೆ ಹೆಂಡತಿ ಓಡಿಸುವುದು, ನಾನು ಅವಳ ಹಿಂದಿನ ಸೀಟಿನಲ್ಲಿ ಬಲಗಡೆ. ಮುಂದೆ ಕೂತರೆ ಎಡಗಡೆಯ ಅಳತೆಯೇ ಬೇರೆಯಾಗುತ್ತೆ, ಅದು ಉಪಯೋಗವಿಲ್ಲ. ರಿಂಗ್ ರೋಡಿನಲ್ಲಿ ಎಡಕ್ಕೆ ಕಂಡದ್ದನ್ನೆಲ್ಲ ಜೋರಾಗಿ ಹೇಳಬೇಕು. ಎಡಕ್ಕೆ ಹಾಲಿನ ಬೈಕು, ಎಡಕ್ಕೆ ನಾಯಿ, ಎಡಕ್ಕೆ ಕಸದ ಗಾಡಿ. ನಾನು ಬಿಟ್ಟದ್ದಕ್ಕೆ ಮಗಳು ಡಬ್ಬಿಗೆ ಒಂದೊಂದು ಹುಣಸೆಬೀಜ ಹಾಕುವಳು. ಮೊದಲ ದಿನ ನಲವತ್ತು ಚಿಲ್ಲರೆ ಬೀಜ. ಟಣ್ ಟಣ್ ಅನ್ನುವ ಆ ಸದ್ದಿಗೆ ಅಳು ಬರುತ್ತಿತ್ತು. ಕೊನೆಗೆ ಎರಡೋ ಮೂರೋ. ಅಕ್ಕಪಕ್ಕದವರು ನಕ್ಕರು, ಫಿಸಿಯೋದವರೂ "ಇದೆಲ್ಲ ಯಾಕೆ ಸಾರ್" ಅಂದರು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಎಡಗೈಗೆ ಗೆಜ್ಜೆ ಕಟ್ಟಿಕೊಂಡೆ, ಅದರಿಂದ ಮನೆಯವರ ನಿದ್ದೆ ಹಾಳಾಯಿತು ಅಷ್ಟೆ. ಎಡಗೈಯಲ್ಲಿ ಚೌಕಾಬಾರ ಆಡಿದೆ, ಕವಡೆ ಬಿಡುತ್ತಾ ಬಿಡುತ್ತಾ ಬೆರಳು ಚೂರು ಸಡಿಲವಾದವು. ಸ್ಟೀರಿಂಗನ್ನು ಒಂದೇ ಕೈಯಲ್ಲಿ ತಿರುಗಿಸಲು ಮುನ್ನೂರು ರೂಪಾಯಿಯ ಗುಂಡಿ ಹಾಕಿಸಿ, ವಾರದಲ್ಲೇ ತೆಗೆಸಿದೆ. ಅಂಗಿ ತೋಳು ಸಿಕ್ಕಿಕೊಳ್ಳುತ್ತಿತ್ತು. ಎಡ ಕನ್ನಡಿಯ ಅಂಚಿಗೆ ಒಂದು ವಸ್ತು ಅಂಟಿಸಿದ್ದೇನೆ. ಅದೇನು ಅಂತ ಇಲ್ಲಿ ಬರೆಯಲ್ಲ, ಮನೆಗೆ ಬಂದವರಿಗೆ ಕಾಫಿ ಕೊಟ್ಟು ತೋರಿಸುತ್ತೇನೆ.

ನರರೋಗದ ಡಾಕ್ಟರು ಪರೀಕ್ಷೆ ಮಾಡಿ, ಫಿಟ್ಸ್ ಬಂದಿಲ್ಲ ಅಂತ ಖಾತ್ರಿ ಮಾಡಿಕೊಂಡು ಪತ್ರ ಕೊಟ್ಟರು. ಲೈಸೆನ್ಸ್ ರಿನ್ಯೂವಲ್ಲೂ ಆಗಲೇ ಬಂದಿತ್ತು. ನಲವತ್ತು ದಾಟಿದವರಿಗೆ ಡಾಕ್ಟರ ಸರ್ಟಿಫಿಕೇಟ್, ಫಾರಂ 1ಎ, ಬೇಕಲ್ಲ, ಅದಕ್ಕೆ ಏನನ್ನೂ ಮುಚ್ಚಿಡಲಿಲ್ಲ. ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿದೆ. 2023ರ ನವೆಂಬರ್‌ನಲ್ಲಿ ಮತ್ತೆ ಸ್ಟೀರಿಂಗ್ ಹಿಡಿದೆ. ಆಮೇಲಿಂದ ಹೋದ ಕನ್ನಡಿ ಒಂದೇ.

ಒಂದು ಸಲ ಮಾತ್ರ ಹೆದರಿದ್ದೆ. ಚಾಮುಂಡಿ ಬೆಟ್ಟದ ಏರಿನಲ್ಲಿ ನಿಂತಾಗ ಕಾರು ಹಿಂದಕ್ಕೆ ಜಾರಿತು. ಹ್ಯಾಂಡ್‌ಬ್ರೇಕ್ ಇರುವುದು ಎಡಗೈ ಕಡೆ ಅನ್ನೋದು ಆಗಲೇ ನೆನಪಾದದ್ದು. ಬ್ರೇಕ್ ಒತ್ತಿ ಹಿಡಿದು, ಬಲಗೈ ಅಡ್ಡ ಹಾಕಿ ಎಳೆದೆ. ಈಗ ಏರಿನಲ್ಲಿ ಮುಂದಿನ ಗಾಡಿಗೂ ನನಗೂ ಜಾಸ್ತಿ ಜಾಗ ಬಿಡುತ್ತೇನೆ, ನಿಲ್ಲುವ ಪ್ರಸಂಗವೇ ಕಮ್ಮಿ.

ರಾತ್ರಿ ಓಡಿಸಲ್ಲ. ಮುಕ್ಕಾಲು ಗಂಟೆ ಆದರೆ ಎಲ್ಲಾದರೂ ಟೀಗೆ ನಿಲ್ಲಿಸುತ್ತೇನೆ, ಸುಸ್ತಾದರೆ ಎಡಗಡೆಯೇ ಮೊದಲು ಮಾಯವಾಗುತ್ತೆ. ದಿನಾ ಬೆಳಿಗ್ಗೆ ಪೇಪರಿನಲ್ಲಿ 'ಕ' ಹೊಡೆಯುವುದನ್ನು ಬಿಟ್ಟಿಲ್ಲ. ಮೂರಕ್ಕಿಂತ ಜಾಸ್ತಿ ತಪ್ಪಿದರೆ ಅವತ್ತು ಕೀ ಹೆಂಡತಿಯ ಕೈಗೆ. ನಿನ್ನೆ ಐದು ಬಿಟ್ಟಿದ್ದೆ. ತರಕಾರಿ ತರಲು ಆಟೋದಲ್ಲಿ ಹೋದೆ.