ಅಗ್ಗದ್ದು ಕೊನೆಗೆ ಎಷ್ಟಕ್ಕೆ ಬಿತ್ತು? ನನ್ನ ಲೆಕ್ಕ

ಏನೇ ತಂದರೂ ಅದರ ಬೆನ್ನಿಗೆ ಮಾರ್ಕರ್‌ನಲ್ಲಿ ತಾರೀಖು, ಬೆಲೆ ಬರೆಯುತ್ತೇನೆ. ಕೆಟ್ಟು ಮೂಲೆ ಸೇರಿದ ದಿನ ಬೆಲೆಯನ್ನು ಅದು ಬಾಳಿದ ತಿಂಗಳಿಂದ ಭಾಗಿಸುತ್ತೇನೆ. ನನ್ನ ವಿಧಾನ ಇಷ್ಟೇ. ಜೊತೆಗಾರರೆಲ್ಲ ‘ಬಿಟ್ಟಿ ಗುಮಾಸ್ತಗಿರಿ’ ಅಂತ ನಗುತ್ತಿದ್ದರು. ಏಳೆಂಟು ವರ್ಷದ ಲೆಕ್ಕ ಮುಂದಿಟ್ಟ ಮೇಲೆ ಈಗ ಅವರೇ ಮಾರ್ಕರ್ ಕೇಳುತ್ತಾರೆ.

ದೊಡ್ಡ ಹೊಡೆತ ಕೊಟ್ಟಿದ್ದು ಡ್ರಿಲ್ ಮಷಿನ್. ಒಳ್ಳೆಯದರ ಮೂರನೇ ಒಂದು ಭಾಗದ ಬೆಲೆಗೆ ಸಿಕ್ಕಿತ್ತು. ಐದಾರು ತಿಂಗಳಿಗೆ ಸದ್ದು ಬದಲಾಯಿತು. ಬಿಚ್ಚಿದರೆ ಬೇರಿಂಗ್ ಇರಬೇಕಾದ ಜಾಗದಲ್ಲಿ ಬುಶ್, ಅಂದರೆ ಬರೀ ಲೋಹದ ಬಳೆ! ಅದು ಸವೆದು, ಮೋಟಾರಿನೊಳಗೆ ತಿರುಗುವ ಆರ್ಮೇಚರ್ ಸುತ್ತ ಅಲುಗದೆ ಕೂತ ಫೀಲ್ಡ್‌ಗೆ ಉಜ್ಜುತ್ತಿತ್ತು. ರಿವೈಂಡಿಂಗ್ (ತಂತಿ ಹೊಸದಾಗಿ ಸುತ್ತಿಸುವುದು) ಕೇಳಿದರೆ ಹೆಚ್ಚುಕಮ್ಮಿ ಹೊಸದರಷ್ಟೇ ಖರ್ಚು. ಆಮೇಲೆ ತಂದ ಇನ್ನೊಂದು ಅಗ್ಗದ್ದೂ ಅದೇ ದಾರಿ ಹಿಡಿಯಿತು. ಕೊನೆಗೆ ದುಬಾರಿಯದು ತಂದೆ. ಆರು ವರ್ಷದ ಹತ್ತಿರ ಬಂತು, ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಶ್ ಬಿಟ್ಟು ಏನೂ ಬದಲಾಯಿಸಿಲ್ಲ. ತಿಂಗಳ ಲೆಕ್ಕದಲ್ಲಿ ಅಗ್ಗದ್ದೇ ಸುಮಾರು ನಾಲ್ಕು ಪಟ್ಟು ಜಾಸ್ತಿ ಬಿತ್ತು.

ಹಾಗಂತ ದುಬಾರಿಯದೆಲ್ಲ ಲಾಭ ಅಂತಲ್ಲ. ಗೋಡೆ ಗಡಿಯಾರಕ್ಕೆ ಆಲ್ಕಲೈನ್ ಸೆಲ್ ಹಾಕಿ ನೋಡಿದೆ. ಬಾಳಿಕೆ ಎರಡು ಪಟ್ಟು, ಬೆಲೆ ಮೂರು ಪಟ್ಟು. ಗಡಿಯಾರ ಎಳೆಯುವ ಕರೆಂಟೇ ಚೂರುಪಾರು, ಅಲ್ಲಿ ಸಾದಾ ಜಿಂಕ್ ಸೆಲ್ ಸಾಕು. ಅದೇ ಸಾದಾ ಸೆಲ್ ಕ್ಯಾಮೆರಾ ಫ್ಲ್ಯಾಶ್‌ಗೆ ಹಾಕಿದರೆ ಸುಮ್ನೆ ದಂಡ.

ಎಲ್‌ಇಡಿ ಬಲ್ಬಿನದು ಬೇರೆಯೇ ಕಥೆ. ಡಬ್ಬದ ಮೇಲೆ 25,000 ಗಂಟೆ ಅಂತಿರುತ್ತೆ. ನನ್ನಲ್ಲಿ ಅಗ್ಗದವು ವರ್ಷ ದಾಟಿದ್ದೇ ಅಪರೂಪ. ಟೋಪಿ ತೆಗೆದರೆ ಬೆಳಕು ಕೊಡುವ ಯಾವುದೋ ಒಂದು ಚಿಪ್ ಮೇಲೆ ಕಪ್ಪು ಚುಕ್ಕೆ. ಎಲ್ಲವೂ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಸರಪಳಿಯಂತೆ ಇರುವುದರಿಂದ ಅದೊಂದು ಹೋದರೆ ಬಲ್ಬೇ ಹೋಯಿತು. ಕೊಲ್ಲುವುದು ಬಿಸಿ. ಹಾಗಾಗಿ ಹೊಸ ಬಲ್ಬಿನಲ್ಲೇ ಡ್ರೈವರ್ ಸರ್ಕ್ಯೂಟ್ ಚಿಪ್‌ಗಳಿಗೆ ಕೊಡುವ ಕರೆಂಟ್ ಇಳಿಸಿದೆ. ಬೆಳಕು ಕಾಲು ಭಾಗ ಕಮ್ಮಿಯಾಯಿತು, ಆದರೆ ಅದು ನಾಲ್ಕನೇ ವರ್ಷವೂ ಉರಿಯುತ್ತಿದೆ. ಅದಕ್ಕೆ ಯಾವ ರೆಸಿಸ್ಟರ್ ಕಿತ್ತೆ ಅಂತ ಹೇಳಲ್ಲ. ಬೋರ್ಡ್ ಓದಲು ಬರುವವರಿಗೆ ಹೇಳಬೇಕಿಲ್ಲ, ಬಾರದವರು ಮೇನ್ಸ್‌ಗೆ (ಮನೆಯ ಕರೆಂಟಿಗೆ) ಕೈ ಹಾಕುವುದೇ ಬೇಡ.

ಈಗ ಬೆಲೆ ಕೇಳುವುದು ಆಮೇಲೆ. ಮೊದಲು ಸ್ಕ್ರೂ ಇದೆಯಾ, ಅಂಟು ಹಾಕಿ ಮುಚ್ಚಿದ್ದಾರಾ ನೋಡುತ್ತೇನೆ. ಬ್ರಶ್, ಸ್ವಿಚ್ ಬಿಡಿಯಾಗಿ ಸಿಗುತ್ತಾ ವಿಚಾರಿಸುತ್ತೇನೆ. ಡ್ರಿಲ್ ಬಿಟ್ ಸೆಟ್ ಮಾತ್ರ ಇಂದಿಗೂ ಅಗ್ಗದ್ದೇ. ಸವೆದ ಸೈಜನ್ನಷ್ಟೇ ಗಟ್ಟಿಯಾದ ಕೋಬಾಲ್ಟ್ ಉಕ್ಕಿನದು ತರುತ್ತೇನೆ. ಇದುವರೆಗೆ ಮೂರೋ ನಾಲ್ಕೋ ಸೈಜ್ ಬದಲಾಗಿರಬೇಕು. ಉಳಿದವುಗಳ ಮೇಲೆ ಕಂಪನಿ ಹಚ್ಚಿದ ಎಣ್ಣೆಯೇ ಇನ್ನೂ ಆರಿಲ್ಲ.