0.4 ದೊಡ್ಡದೋ, 0.35 ದೊಡ್ಡದೋ?

ದಶಮಾಂಶ ಕಲಿಯುತ್ತಿರುವ ಮಕ್ಕಳನ್ನು ಕೇಳಿ ನೋಡಿ. 'ನಾಲ್ಕಕ್ಕಿಂತ ಮೂವತ್ತೈದು ದೊಡ್ಡದಲ್ಲವೇ?' ಎಂದು ಥಟ್ಟನೆ 0.35ರತ್ತ ಬೆರಳು ತೋರಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ತಪ್ಪು ಮಕ್ಕಳದಲ್ಲ, 'ಸೊನ್ನೆ ಬಿಂದು ಮೂವತ್ತೈದು' ಎಂದು ಓದಿಸಿದ ದೊಡ್ಡವರದು. ಮೊದಲ ಕೆಲಸ, ಓದು ತಿದ್ದುವುದು: ಸೊನ್ನೆ ಬಿಂದು ಮೂರು ಐದು. ಬಿಂದುವಿನ ಬಲಕ್ಕೆ ಅಂಕಿಗಳನ್ನು ಬಿಡಿಬಿಡಿಯಾಗಿಯೇ ಓದಬೇಕು.

ನಂತರ ಬರೆಯುವುದು. 3.4, 3.05, 3.35, 3.305 ಇವನ್ನು ಏರಿಕೆ ಕ್ರಮದಲ್ಲಿ ಇಡಬೇಕು ಎನ್ನೋಣ. ಚೌಕುಳಿ ಹಾಳೆಯೇ ಬೇಕು, ಗೆರೆ ಹಾಳೆ ಬೇಡ. ಒಂದು ಮನೆಗೆ ಒಂದೇ ಅಂಕಿ, ಬಿಂದುವಿನ ಕೆಳಗೆ ಬಿಂದು. ಕೂಡುವ ಲೆಕ್ಕದ ಅಭ್ಯಾಸಬಲದಿಂದ ಮಕ್ಕಳು ಬಲತುದಿಯನ್ನು ಹೊಂದಿಸಿಬಿಡುತ್ತಾರೆ. ಆಗ 3.4ರ ನಾಲ್ಕು 3.305ರ ಐದರ ಸಾಲಿಗೆ ಹೋಗಿ ಕೂರುತ್ತದೆ.

ಪೂರ್ಣ ಭಾಗ ನಾಲ್ಕರಲ್ಲೂ 3. ಅದರ ಮಾತು ಮುಗಿಯಿತು.

ಎಡವುವುದು ಇಲ್ಲಿಂದ ಮುಂದೆ. ದಶಾಂಶದ ಮನೆಯನ್ನು, ಅಂದರೆ ಬಿಂದುವಿನ ಬಲಕ್ಕಿರುವ ಮೊದಲ ಮನೆಯನ್ನು ಮಾತ್ರ ನೋಡಿ, ಉಳಿದುದನ್ನು ಕೈಯಿಂದ ಮುಚ್ಚಿ: 4, 0, 3, 3. ನಾಲ್ಕು ಇರುವ 3.4 ಎಲ್ಲಕ್ಕಿಂತ ದೊಡ್ಡದು, ಸೊನ್ನೆ ಇರುವ 3.05 ಎಲ್ಲಕ್ಕಿಂತ ಚಿಕ್ಕದು. 'ಅದರ ಮುಂದೆ ಇನ್ನೂ ಅಂಕಿಗಳಿವೆಯಲ್ಲ?' ಎಂದು ಮಗು ಕೇಳಿಯೇ ಕೇಳುತ್ತದೆ. ಇದ್ದರೇನು? ಎರಡನೇ ಮನೆಯ ಶತಾಂಶಗಳು ಹತ್ತು ಸೇರಿದರೆ ತಾನೇ ಒಂದು ದಶಾಂಶ? ಒಂದು ಮನೆಯಲ್ಲಿ ಒಂಬತ್ತಕ್ಕಿಂತ ಹೆಚ್ಚು ಕೂರುವುದಿಲ್ಲ, 3.3999 ಕೂಡ 3.4ನ್ನು ಮುಟ್ಟಲಾರದು. ಈಗ ಉಳಿದ 3.35 ಮತ್ತು 3.305ರ ಶತಾಂಶದ ಮನೆಗೆ ಬನ್ನಿ: 5 ಮತ್ತು 0. ಅಲ್ಲಿಗೇ ತೀರ್ಮಾನವಾಯಿತು, ಮೂರನೇ ಮನೆಯ, ಅಂದರೆ ಸಹಸ್ರಾಂಶದ ಐದನ್ನು ನೋಡುವ ಅಗತ್ಯವೇ ಇಲ್ಲ. ಕ್ರಮ: 3.05, 3.305, 3.35, 3.4.

ಇಷ್ಟು ಕಲಿತ ಮೇಲೆ ಕೆಲವು ಜಾಣರು 'ಅಂಕಿ ಕಡಿಮೆಯಿದ್ದರೆ ದೊಡ್ಡದು' ಎಂಬ ಸ್ವಂತ ಸೂತ್ರ ಕಟ್ಟಿಕೊಳ್ಳುತ್ತಾರೆ. ಕೂಡಲೇ 0.3 ಮತ್ತು 0.45 ಕೊಟ್ಟು ನೋಡಿ. ಕೊನೆಗೆ ಸೊನ್ನೆ ಸೇರಿಸಿ 3.400, 3.350 ಎಂದು ಸಮ ಮಾಡುವ ಉಪಾಯ ತಪ್ಪಲ್ಲ, ಆದರೆ ಉತ್ತರ ತಾಳೆ ನೋಡಲು ಮಾತ್ರ. ಮೊದಲೇ ಹೇಳಿಕೊಟ್ಟರೆ ಮಕ್ಕಳು ಬಿಂದುವನ್ನು ಮರೆತು ನಾನೂರು, ಮುನ್ನೂರೈವತ್ತು ಎನ್ನುತ್ತಾರೆ. ಬಿಂದುವಿನ ನಂತರ ಎಲ್ಲಕ್ಕೂ ಎರಡೇ ಅಂಕಿ ಇರುವ ಬಣ್ಣದ ಅಭ್ಯಾಸ ಪುಸ್ತಕಗಳಂತೂ ದುಡ್ಡಿಗೆ ದಂಡ.

ಉದಾಹರಣೆಗೆ ಕ್ರಿಕೆಟ್ ಓವರ್ ಬೇಡವೇ ಬೇಡ. 9.3 ಓವರ್ ಎಂದರೆ ಒಂಬತ್ತೂವರೆ, 9.5ರ ನಂತರದ ಎಸೆತಕ್ಕೆ ಹತ್ತು. ಅದು ದಶಮಾಂಶವೇ ಅಲ್ಲ. ಓಟ ತನ್ನಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡ್, ಕಂಚು ಗೆದ್ದವರು 55.41. 2024ರ ಪ್ಯಾರಿಸ್‌ನ 100 ಮೀಟರ್‌ನಲ್ಲಿ ಮೊದಲಿಬ್ಬರಿಗೂ 9.79, ಸಹಸ್ರಾಂಶದವರೆಗೆ ಹೋದಾಗ ಕಿಶೇನ್ ಥಾಂಪ್ಸನ್ 9.789, ನೋವಾ ಲೈಲ್ಸ್ 9.784. ಚಿನ್ನ ಯಾರಿಗೆಂದು ಮಕ್ಕಳೇ ಹೇಳಲಿ. ಓಟದಲ್ಲಿ ಚಿಕ್ಕ ಸಂಖ್ಯೆಗೇ ಗೆಲುವು ಎಂಬುದನ್ನು ಮಾತ್ರ ಮೊದಲೇ ನೆನಪಿಸಿ.